ಜೀಪಿನಲ್ಲೇ ಉಳಿದ ಮಾತು: ಕೊಡಗಿನ ಮನೆ ಆರೈಕೆಯ ಒಂದು ಪ್ರಕರಣ

ಬೆಳಿಗ್ಗೆ ಹತ್ತೂವರೆಗೆ ಗ್ಲೂಕೋಮೀಟರ್ 42 ತೋರಿಸಿತು. ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿದಿತ್ತು. ಜುಲೈ ತಿಂಗಳು. ಮೂರು ದಿನದಿಂದ ಕರೆಂಟಿಲ್ಲ. ಕಂಬಳಿ ಹೊದ್ದರೂ ನಡುಗುವ ಚಳಿಯಲ್ಲಿ ಅಜ್ಜಿಯ ಹಣೆ ಬೆವರಿನಿಂದ ಒದ್ದೆಯಾಗಿತ್ತು. ಕರೆದರೆ ಕಣ್ಣು ಅರ್ಧ ತೆರೆದು ಮತ್ತೆ ಮುಚ್ಚುತ್ತಿದ್ದರು. ನೋಡಿಕೊಳ್ಳುತ್ತಿದ್ದ ಹೆಣ್ಣುಮಗಳು, ರಾತ್ರಿಯೆಲ್ಲ ಮಳೆ ಸದ್ದಿಗೆ ನಿದ್ದೆ ಇರಲಿಲ್ಲ, ಈಗ ಮಲಗಿದ್ದಾರೆ ಅಂದುಕೊಂಡಿದ್ದಳು. ಅಲ್ಲಿಗೆ ಹೋಗಿದ್ದ ನಮ್ಮ ಹೊಸ ಸಿಸ್ಟರ್‌ಗೆ ಆ ಬೆವರು ಸರಿ ಕಾಣಲಿಲ್ಲ. ಬೆರಳು ಚುಚ್ಚಿ ನೋಡಿದರು. ಆಮೇಲೆ ತಲೆ ಕಡೆ ಎತ್ತರಿಸಿ, ಮೂಗಿನ ಟ್ಯೂಬು ಜಾಗದಲ್ಲೇ ಇದೆಯಾ ಅಂತ ನೋಡಿಕೊಂಡು, ಸಕ್ಕರೆ ನೀರು ಬಿಟ್ಟರು. ಹದಿನೈದು ನಿಮಿಷ ಬಿಟ್ಟು ಮತ್ತೆ ಚುಚ್ಚಿದರು. ನಾಲ್ಕು ಜನ ಸೇರಿ ಅಜ್ಜಿಯನ್ನು ಜೀಪಿಗೆ ಹೊತ್ತು ತಂದರು. ಅಜ್ಜಿಗೆ ಚುಚ್ಚಿದ್ದ ಮಿಕ್ಸ್ ಇನ್ಸುಲಿನ್, ಅಂದರೆ ಬೇಗ ಕೆಲಸ ಮಾಡುವುದೂ ನಿಧಾನವಾಗಿ ಮಾಡುವುದೂ ಬೆರೆಸಿದ್ದು, ದೇಹದಲ್ಲಿ ತುಂಬ ಹೊತ್ತು ಕೆಲಸ ಮಾಡುತ್ತದೆ. ಅದಕ್ಕೆ ಡಾಕ್ಟರು ಎರಡು ದಿನ ಆಸ್ಪತ್ರೆಯಲ್ಲೇ ಇಟ್ಟುಕೊಂಡರು. ಅಜ್ಜಿ ಉಳಿದರು.

ನಾನು ಆಗ ಆ ಆಸ್ಪತ್ರೆಯ ಮನೆ ಆರೈಕೆ ವಿಭಾಗದಲ್ಲಿ ಡ್ಯೂಟಿ ಪಟ್ಟಿ ಹಾಕುತ್ತಿದ್ದೆ. ಯಾವ ದಿನ ಯಾವ ಮನೆಗೆ ಯಾರು ಹೋಗಬೇಕು ಅಂತ ತೀರ್ಮಾನಿಸುತ್ತಿದ್ದವಳು ನಾನೇ. ಹಾಗಾಗಿ ಇದರಲ್ಲಿ ನನ್ನ ಪಾಲೂ ಇದೆ. ಅದನ್ನು ಮುಂದೆ ಹೇಳುತ್ತೇನೆ. ಆಸ್ಪತ್ರೆಯ ಹೆಸರು ಬೇಡ. ಮನೆಯವರ ಗುರುತು ಸಿಗದ ಹಾಗೆ ಒಂದೆರಡು ವಿವರ ಬದಲಿಸಿದ್ದೇನೆ. ಉಳಿದದ್ದು ನಡೆದ ಹಾಗೇ ಇದೆ.

ಆ ಬೆಳಿಗ್ಗೆ ಏನು ತಪ್ಪಾಯಿತು ಅನ್ನುವುದನ್ನು ಒಂದೇ ಮಾತಿನಲ್ಲಿ ಹೇಳಬಹುದು. ಇನ್ಸುಲಿನ್ ಪೆನ್ನಿಗೆ, ಅಂದರೆ ಪೆನ್ನಿನ ಆಕಾರದ ಚುಚ್ಚುವ ಸಾಧನಕ್ಕೆ ಹಾಕುವ ಇನ್ಸುಲಿನ್ನನ್ನು ಸಿರಿಂಜಿನಲ್ಲಿ ಎಳೆದು ಚುಚ್ಚಿದ್ದರು. ನಮ್ಮಲ್ಲಿ ಬಾಟಲಿಯಲ್ಲಿ, ಅಂದರೆ ವೈಲಿನಲ್ಲಿ ಬರುವ ಇನ್ಸುಲಿನ್ ಸಾಮಾನ್ಯವಾಗಿ ಒಂದು ಎಂಎಲ್‌ಗೆ 40 ಯೂನಿಟ್. ಅದಕ್ಕೆ ಕೆಂಪು ಮುಚ್ಚಳದ ಸಿರಿಂಜು. ಪೆನ್ನಿನೊಳಗೆ ಕೂರುವ ಔಷಧದ ಕೊಳವೆಯಲ್ಲಿ, ಅಂದರೆ ಕಾರ್ಟ್ರಿಜ್ಜಿನಲ್ಲಿ, ಒಂದು ಎಂಎಲ್‌ಗೆ 100 ಯೂನಿಟ್. ಕೆಂಪು ಮುಚ್ಚಳದ ಸಿರಿಂಜಿನಲ್ಲಿ ಇಪ್ಪತ್ತರ ಗೆರೆ ಅಂದರೆ ಅರ್ಧ ಎಂಎಲ್. ವೈಲಿನಿಂದ ಎಳೆದರೆ ಅದು 20 ಯೂನಿಟ್. ಕಾರ್ಟ್ರಿಜ್ಜಿನಿಂದ ಎಳೆದರೆ 50. ಎರಡೂವರೆ ಪಟ್ಟು. ಎರಡೂ ನೋಡಲು ಒಂದೇ ಥರ ಹಾಲು ಬಣ್ಣದ ಔಷಧ. ಕಾರ್ಟ್ರಿಜ್ಜಿನ ಮೇಲಿನ 100 ಅನ್ನುವ ಅಂಕಿ ಅಕ್ಕಿ ಕಾಳಿನಷ್ಟೂ ದೊಡ್ಡದಿಲ್ಲ.

ಕಾರಣ ಇಷ್ಟೇ ಆಗಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಒಂದು ಎಚ್ಚರಿಕೆ ಚೀಟಿ ಅಂಟಿಸಿ ಮುಗಿಸಬಹುದಿತ್ತು. ನನ್ನನ್ನು ಕೊರೆದದ್ದು ಬೇರೆ. ಹೀಗಾಗಬಹುದು ಅಂತ ನಮ್ಮ ತಂಡದಲ್ಲಿ ಮೂರು ಜನಕ್ಕೆ ಗೊತ್ತಿತ್ತು. ಆ ಮನೆಗೆ ಹೋದ ನಾಲ್ಕನೆಯವರಿಗೆ ಮಾತ್ರ ಗೊತ್ತಿರಲಿಲ್ಲ.

ಊರು, ಮನೆ, ತಂಡ

ಕೊಡಗು ನೋಡದವರಿಗೆ ಇದನ್ನು ಹೇಳಲೇಬೇಕು. ಜಿಲ್ಲೆಯ ವಿಸ್ತೀರ್ಣ 4,102 ಚದರ ಕಿಲೋಮೀಟರ್. 2011ರ ಜನಗಣತಿಯಲ್ಲಿ ಇಡೀ ಜಿಲ್ಲೆಗೆ ಐದೂವರೆ ಲಕ್ಷ ಚಿಲ್ಲರೆ ಜನ. ಇಲ್ಲಿ ಪಕ್ಕದ ಮನೆ ಅಂದರೆ ಒಂದು ಕಾಫಿ ತೋಟ ದಾಟಿ ಹೋಗಬೇಕಾದ ಮನೆ. ಮಕ್ಕಳು ಬೆಂಗಳೂರು, ಮೈಸೂರು, ಗಲ್ಫ್ ಅಂತ ಹೋಗಿರುತ್ತಾರೆ. ದೊಡ್ಡ ಮನೆಯಲ್ಲಿ ಒಬ್ಬರೋ ಇಬ್ಬರೋ ವಯಸ್ಸಾದವರು, ಜೊತೆಗೆ ತೋಟದ ಕೂಲಿಯವರ ಲೈನ್ ಮನೆಯಿಂದ ಬಂದು ನೋಡಿಕೊಳ್ಳುವ ಒಬ್ಬ ಹೆಂಗಸು. 2018ರ ಆಗಸ್ಟಿನಲ್ಲಿ ಗುಡ್ಡ ಕುಸಿದ ಮೇಲೆ ಮಳೆ ಜೋರಾದರೆ ಎಲ್ಲರಿಗೂ ಎದೆ ಡವಗುಟ್ಟುತ್ತದೆ. ಮರ ಬಿದ್ದರೆ ರಸ್ತೆ ಬಂದ್, ಕರೆಂಟು ಬಂದ್, ಕರೆಂಟಿಲ್ಲದಿದ್ದರೆ ಸ್ವಲ್ಪ ಹೊತ್ತಿಗೆ ಟವರೂ ಬಂದ್. ಸಿದ್ದಾಪುರ, ತಿತಿಮತಿ ಕಡೆ ಸಂಜೆಯಾದರೆ ಆನೆ ಭಯ. ಹಾಗಾಗಿ ನಮ್ಮ ಜೀಪು ನಾಲ್ಕು ಗಂಟೆಗೆಲ್ಲ ವಾಪಸ್ ಹೊರಡಬೇಕಿತ್ತು.

ತಂಡ ಚಿಕ್ಕದು. ನಾಲ್ವರು ಸಿಸ್ಟರ್‌ಗಳು, ಇಬ್ಬರು ಆಯಾ, ವಾರಕ್ಕೆ ಮೂರು ದಿನ ಬರುವ ಫಿಸಿಯೋ, ವಾರ್ಡಿನ ಕೆಲಸದ ನಡುವೆ ನಮಗೂ ಸಮಯ ಕೊಡುವ ಒಬ್ಬ ಡಾಕ್ಟರು, ಒಬ್ಬ ಡ್ರೈವರ್. ಹಿರಿಯ ಸಿಸ್ಟರ್ ಇಲ್ಲಿಯವರೇ. ಕೊಡವ ತಕ್ಕ್, ಕನ್ನಡ, ಮಲಯಾಳಂ ಮೂರೂ ಬರುತ್ತದೆ. ಇಬ್ಬರು ಕಣ್ಣೂರು ಕಡೆಯವರು. ಹೊಸ ಸಿಸ್ಟರ್ ಬಾಗಲಕೋಟೆಯಿಂದ ಬಂದು ಆಗ ಎರಡು ತಿಂಗಳಾಗಿತ್ತು.

ವಾರ್ಡಿನಲ್ಲಿ ಕೆಲಸ ಮಾಡುವವರಿಗೂ ಮನೆಗೆ ಹೋಗಿ ಕೆಲಸ ಮಾಡುವವರಿಗೂ ಇರುವ ದೊಡ್ಡ ವ್ಯತ್ಯಾಸ ಒಂದೇ. ವಾರ್ಡಿನಲ್ಲಿ ತಲೆ ಎತ್ತಿದರೆ ಇನ್ನೊಬ್ಬ ಸಿಸ್ಟರ್ ಕಾಣುತ್ತಾರೆ. "ಸ್ವಲ್ಪ ಬನ್ನಿ, ಇದನ್ನು ನೋಡಿ" ಅಂದರೆ ಮುಗಿಯಿತು. ಡ್ಯೂಟಿ ಬದಲಾಗುವಾಗ ಎರಡು ಪಾಳಿಯವರು ಒಂದೇ ಹಾಸಿಗೆಯ ಪಕ್ಕ ನಿಲ್ಲುತ್ತಾರೆ. ಮನೆ ಆರೈಕೆಯಲ್ಲಿ ಅದಿಲ್ಲ. ಒಬ್ಬರು ಸೋಮವಾರ ಹೋಗಿ ಬರುತ್ತಾರೆ, ಇನ್ನೊಬ್ಬರು ಗುರುವಾರ. ಇಬ್ಬರೂ ಆ ಮನೆಯಲ್ಲಿ ಮುಖಾಮುಖಿ ಆಗುವುದೇ ಇಲ್ಲ. ಅವರ ನಡುವೆ ಇರುವುದು ಒಂದು ಫೈಲು ಮಾತ್ರ.

ಯಾರಿಗೆ ಏನು ಗೊತ್ತಿತ್ತು

ಅಜ್ಜಿಗೆ ಎಪ್ಪತ್ತು ದಾಟಿದೆ. ಎರಡು ವರ್ಷದ ಹಿಂದೆ ಸ್ಟ್ರೋಕ್ ಆಗಿ ಎಡಭಾಗ ಬಿದ್ದುಹೋಗಿತ್ತು. ನುಂಗಲು ಆಗದ್ದರಿಂದ ಮೂಗಿನ ಟ್ಯೂಬಿನಲ್ಲಿ ಊಟ. ಶುಗರ್ ಹಳೆಯದು. ನಾಪೋಕ್ಲು ಕಡೆಯ ತೋಟದ ಮನೆ. ಬೆಂಗಳೂರಿನಲ್ಲಿರುವ ಮಗ ತಾಯಿಗೆ ಸುಲಭ ಆಗಲಿ ಅಂತ ಪೆನ್ನು ತಂದುಕೊಟ್ಟಿದ್ದರು, ಎರಡು ತಿಂಗಳಿಗೆ ಆಗುವಷ್ಟು ಕಾರ್ಟ್ರಿಜ್ಜೂ ಇಟ್ಟಿದ್ದರು. ಜೂನ್ ಕೊನೆಯಲ್ಲಿ ಪೆನ್ನು ಕೆಳಗೆ ಬಿದ್ದು ಅದರ ಗುಂಡಿ ಸಿಕ್ಕಿಕೊಂಡಿತು. ಹೊಸದು ಬರುವ ತನಕ ಅಂತ ಹಿರಿಯ ಸಿಸ್ಟರ್ ವೈಲಿಗೆ ಬದಲಾಯಿಸಿದರು. ನೋಡಿಕೊಳ್ಳುವ ಹೆಂಗಸಿಗೆ ಓದಲು ಬರುವುದಿಲ್ಲ. ಅವಳಿಗೆ ಗೊತ್ತಾಗಲಿ ಅಂತ ವೈಲಿನ ಕುತ್ತಿಗೆಗೆ ಕೆಂಪು ದಾರ ಕಟ್ಟಿದರು. "ದಾರ ಇರುವುದಕ್ಕೇ ಈ ಸಿರಿಂಜು. ಬೇರೆಯದಕ್ಕೆ ಕೈ ಹಾಕಬಾರದು" ಅಂತ ನಾಲ್ಕು ಸಲ ಮಾಡಿಸಿ ತೋರಿಸಿದರು. ಇದಕ್ಕಿಂತ ಚೆನ್ನಾಗಿ ಯಾರೂ ಕಲಿಸಲಾರರು ಅಂತ ನನಗೆ ಈಗಲೂ ಅನಿಸುತ್ತದೆ.

ಆದರೆ ಫೈಲಿನಲ್ಲಿ ಇದ್ದದ್ದು ಒಂದೇ ಸಾಲು: ಮಿಕ್ಸ್ ಇನ್ಸುಲಿನ್, ಬೆಳಿಗ್ಗೆ 20, ರಾತ್ರಿ 12. ಪೆನ್ನು ಕೆಟ್ಟದ್ದು, ಕಾರ್ಟ್ರಿಜ್ಜು ಇನ್ನೂ ಫ್ರಿಜ್ಜಿನಲ್ಲೇ ಇದ್ದದ್ದು, ಕೆಂಪು ದಾರದ ಅರ್ಥ, ಯಾವುದೂ ಅದರಲ್ಲಿಲ್ಲ. ಬರೆಯಲು ಜಾಗವೇ ಇರಲಿಲ್ಲ. ಬಿಪಿ, ಶುಗರ್, ಜ್ವರ, ಡ್ರೆಸಿಂಗ್, ಸಹಿ. ಇಷ್ಟೇ ಕಾಲಂ.

ಹಿರಿಯ ಸಿಸ್ಟರ್ ಹದಿನೈದು ದಿನ ರಜೆ ಹೋದರು. ಮಗಳ ಹೆರಿಗೆ. ಹೋಗುವ ಮುಂಚೆ ಲೆಕ್ಕ ಹಾಕಿದ್ದರು. ಒಂದು ವೈಲಿನಲ್ಲಿ 400 ಯೂನಿಟ್, ದಿನಕ್ಕೆ 32, ಹನ್ನೆರಡು ದಿನಕ್ಕೆ ಮುಗಿಯುತ್ತದೆ. ಡ್ರೈವರಿಗೆ "ಮುಂದಿನ ವಾರ ಗುರುವಾರ ಇನ್ನೊಂದು ವೈಲು ತಂದಿಡಿ ಅಣ್ಣ, ಪೆನ್ನಿನದ್ದಲ್ಲ, ಕೆಂಪು ಸಿರಿಂಜಿಗೆ ಆಗುವುದು" ಅಂತ ಹೇಳಿದ್ದರು. ಆ ಗುರುವಾರ ಜೀಪನ್ನು ಬೇರೆ ಕಡೆ ಕಳಿಸಿದವಳು ನಾನು. ರಸ್ತೆಗೆ ಮರ ಬಿದ್ದಿತ್ತು, ನಾಪೋಕ್ಲು ಭೇಟಿಯನ್ನು ಶನಿವಾರಕ್ಕೆ ತಳ್ಳಿದೆ. ಆ ಭೇಟಿಯ ಜೊತೆ ಒಂದು ವೈಲೂ ಹೋಗಬೇಕಿತ್ತು ಅನ್ನುವುದು ನನಗೆ ಗೊತ್ತಿರಲಿಲ್ಲ.

ಫಿಸಿಯೋ ಕಪಾಟಿನ ಮೇಲಿದ್ದ ಕೆಟ್ಟ ಪೆನ್ನನ್ನು ನೋಡಿದ್ದರು. ಇನ್ಸುಲಿನ್ ಸಿಸ್ಟರ್‌ಗಳ ವಿಷಯ ಅಂತ ಸುಮ್ಮನಾದರು.

ಅಷ್ಟರಲ್ಲಿ ನೋಡಿಕೊಳ್ಳುವ ಹೆಂಗಸು ಜ್ವರ ಬಂದು ಮಲಗಿದಳು. ಬದಲಿಗೆ ಅವಳ ತಂಗಿ ಬಂದಳು. ಅಕ್ಕ ಹೇಳಿಕೊಟ್ಟದ್ದನ್ನು ತಂಗಿ ಚೂರೂ ತಪ್ಪದೆ ಮಾಡಿದಳು: ಕೆಂಪು ಮುಚ್ಚಳದ ಸಿರಿಂಜು, ಇಪ್ಪತ್ತರ ಗೆರೆ, ಹೊಟ್ಟೆಯ ಪಕ್ಕ, ಮೆಲ್ಲಗೆ. ಕರೆಂಟಿಲ್ಲದೆ ಫ್ರಿಜ್ಜಿನ ಔಷಧವೆಲ್ಲ ಒದ್ದೆ ಬಟ್ಟೆ ಸುತ್ತಿದ ಮಣ್ಣಿನ ಮಡಕೆಗೆ ಬಂದಿತ್ತು. ಅದೂ ನಾವೇ ಹೇಳಿಕೊಟ್ಟದ್ದು. ರಾತ್ರಿ ವೈಲು ಖಾಲಿ ಆಯಿತು. ಬೆಳಿಗ್ಗೆ ಮಡಕೆಗೆ ಕೈ ಹಾಕಿದರೆ ಅದೇ ಕಂಪನಿಯ ಗುರುತು, ಅದೇ ಹಾಲು ಬಣ್ಣ. ಔಷಧ ತಪ್ಪಿಸಬಾರದು ಅನ್ನುವ ಕಾಳಜಿಯಿಂದಲೇ ಅವಳು ಕಾರ್ಟ್ರಿಜ್ಜಿಗೆ ಸೂಜಿ ಹಾಕಿದಳು. ಅವಳನ್ನು ದೂರಲು ನನಗೆ ಬಾಯಿ ಬರುವುದಿಲ್ಲ.

ಮಧ್ಯಾಹ್ನ ಆಸ್ಪತ್ರೆಯ ಜಗಲಿಯಲ್ಲಿ ಡ್ರೈವರ್ ಅಣ್ಣ ನನ್ನ ಹತ್ತಿರ ಬಂದರು. ಟೋಪಿ ಕೈಯಲ್ಲಿ ಹಿಡಿದು ಹಿಂಡುತ್ತಿದ್ದರು. "ಪೆನ್ನಿನದ್ದು ಬೇರೆ, ಸಿರಿಂಜಿನದ್ದು ಬೇರೆ ಅಂತ ನನಗೆ ಗೊತ್ತಿತ್ತು ಸಿಸ್ಟರ್. ಹೊಸ ಸಿಸ್ಟರ್ ಜೊತೆ ಎರಡು ಸಲ ಆ ಮನೆಗೆ ಹೋಗಿದ್ದೇನೆ. ಹೇಳಬಹುದಿತ್ತು. ಔಷಧದ ವಿಷಯ ನಾನು ಹೇಗೆ ಹೇಳೋದು ಅಂತ ಸುಮ್ನಾದೆ. ಯಾರೂ ಕೇಳಲೂ ಇಲ್ಲ."

ಮೆಮೊ ಬೇಡ ಅಂದದ್ದು

ಮೊದಲು ಬಂದ ಮಾತು ಮೆಮೊ. ಹೊಸ ಸಿಸ್ಟರ್‌ಗೆ ವಿವರಣೆ ಕೇಳಿ ನೋಟೀಸು ಕೊಡಬೇಕು ಅಂತ ಆಡಳಿತದವರು ಹೇಳಿದರು. ಕಡಿಮೆ ಶುಗರ್ ಹಿಡಿದು ಅಜ್ಜಿಯನ್ನು ಉಳಿಸಿದವರೇ ಅವರು. ನಾನು ಒಪ್ಪಲಿಲ್ಲ. ಮೆಮೊ ಕೊಟ್ಟರೆ ಏನಾಗುತ್ತದೆ ಅಂತ ನನಗೆ ಚೆನ್ನಾಗಿ ಗೊತ್ತು. ಇಪ್ಪತ್ತು ವರ್ಷ ನೋಡಿದ್ದೇನೆ. ಮುಂದಿನ ಸಲ ಏನಾದರೂ ಎಡವಟ್ಟಾದರೆ ಯಾರೂ ಬಾಯಿ ಬಿಡುವುದಿಲ್ಲ. ಫೈಲಿನಲ್ಲಿ ಎಲ್ಲವೂ ಚೆನ್ನಾಗಿರುತ್ತದೆ, ಮನೆಯಲ್ಲಿ ಏನೂ ಚೆನ್ನಾಗಿರುವುದಿಲ್ಲ. ಡಾಕ್ಟರು ನನ್ನ ಪರ ನಿಂತರು. ಮೆಮೊ ಹೋಗಲಿಲ್ಲ.

ಹಿರಿಯ ಸಿಸ್ಟರ್ ರಜೆ ಮುಗಿಸಿ ಬಂದವರೇ ಅತ್ತುಬಿಟ್ಟರು. "ನಾನು ಯಾರಿಗೂ ಮುಚ್ಚಿಟ್ಟಿರಲಿಲ್ಲ" ಅಂದರು. ನಿಜ. ಮುಚ್ಚಿಟ್ಟಿರಲಿಲ್ಲ. ಹೇಳುವ ಹೊತ್ತೂ ಜಾಗವೂ ಇರಲಿಲ್ಲ. ನಾಲ್ಕೂವರೆಗೆ ಜೀಪು ಬಂದು ನಿಂತರೆ ಬ್ಯಾಗಿಳಿಸಿ, ರಿಜಿಸ್ಟರಿಗೆ ಸಹಿ ಹಾಕಿ, ಐದರ ಬಸ್ಸಿಗೆ ಓಡಬೇಕು. ಕೆಂಪು ದಾರದ ಕಥೆ ಆಗ ಯಾರಿಗೆ ಹೇಳುವುದು? ಇನ್ನೊಂದು ವಿಷಯ ಅವರೇ ಹೇಳಿದರು. ಅದು ನನಗೆ ತುಂಬ ತಟ್ಟಿತು. ದಾರ ಕಟ್ಟಿದ್ದು, ಮಡಕೆ ಇಟ್ಟದ್ದು, ಇವೆಲ್ಲ ಅವರ ಕಣ್ಣಿಗೆ ಹೇಳುವಂಥ ವಿಷಯವೇ ಅಲ್ಲ. ಡಾಕ್ಟರ ಮುಂದೆ ದಾರದ ಮಾತು ಎತ್ತಿದರೆ ನಗುತ್ತಾರೇನೋ ಅನ್ನುವ ಸಂಕೋಚ.

ಮನೆ ಆರೈಕೆ ತಂಡದ ಒಳಗಿರುವ ಅರಿವು ಹೆಚ್ಚಾಗಿ ಇಂಥದ್ದೇ. ಔಷಧದ ಹೆಸರು, ಅಳತೆ ಎಲ್ಲ ಪುಸ್ತಕದಲ್ಲಿ ಸಿಗುತ್ತದೆ. ಈ ಮನೆಯಲ್ಲಿ ಕಾರ್ಟ್ರಿಜ್ಜು ಎಲ್ಲಿದೆ, ಇವತ್ತು ಅಜ್ಜಿಯನ್ನು ನೋಡಿಕೊಳ್ಳುವವರು ಅಕ್ಕನೋ ತಂಗಿಯೋ, ಅವರಿಗೆ ಓದು ಬರುತ್ತದಾ, ಇದು ಯಾವ ಪುಸ್ತಕದಲ್ಲೂ ಸಿಗುವುದಿಲ್ಲ. ಹೋದವರ ತಲೆಯಲ್ಲಿ ಇರುತ್ತದೆ, ಅವರ ಜೊತೆ ರಜೆಗೆ ಹೋಗುತ್ತದೆ.

ಮೊದಲು ಮಾಡಿದ್ದು ಕೆಲಸಕ್ಕೆ ಬರಲಿಲ್ಲ

ನಾನು ಮಾಡಿದ ಮೊದಲ ಕೆಲಸ ನಾಲ್ಕು ಪುಟದ ಒಂದು ಫಾರಂ ತಯಾರಿಸಿದ್ದು. ಮೂವತ್ತಾರು ಪ್ರಶ್ನೆ. ಎರಡೇ ವಾರದಲ್ಲಿ ಎಲ್ಲರೂ ಎಲ್ಲ ಪ್ರಶ್ನೆಗೂ "ಸರಿ ಇದೆ" ಅಂತ ಗುರುತು ಹಾಕಿ ಕೊಡತೊಡಗಿದರು. ತಪ್ಪು ಅವರದ್ದಲ್ಲ. ಜೀಪು ಅಲ್ಲಾಡುವಾಗ ಮೂವತ್ತಾರು ಪ್ರಶ್ನೆ ಓದಿ ಉತ್ತರ ಬರೆಯಲು ಯಾರಿಂದ ಆಗುತ್ತದೆ?

ಆಮೇಲೆ ವಾಟ್ಸಾಪ್ ಗುಂಪು. ಶುಭೋದಯದ ಹೂವುಗಳ ನಡುವೆ ಹುಣ್ಣಿನ ಫೋಟೊ, ಕೆಲವದರಲ್ಲಿ ರೋಗಿಯ ಮುಖವೂ ಕಾಣುತ್ತಿತ್ತು. ಹೀಗೆ ಎಲ್ಲರ ಫೋನಿಗೂ ಫೋಟೊ ಹೋಗುವುದು ತಪ್ಪು. 2023ರಲ್ಲಿ ಬಂದ ವೈಯಕ್ತಿಕ ಮಾಹಿತಿ ರಕ್ಷಣೆಯ ಕಾನೂನನ್ನು ಪಕ್ಕಕ್ಕಿಟ್ಟರೂ, ಫೋಟೊದಲ್ಲಿದ್ದ ರೋಗಿಯನ್ನು ಒಂದು ಮಾತು ಕೇಳಿದ್ದೆವಾ? ಇಲ್ಲ. ಅಳಿಸಿಸಿದೆ. ಈಗ ಆ ಗುಂಪಿನಲ್ಲಿ ಜೀಪು ಎಲ್ಲಿದೆ, ಯಾವ ರಸ್ತೆ ಬಂದ್ ಆಗಿದೆ ಅನ್ನುವುದಷ್ಟೇ ಬರುತ್ತದೆ. ರೋಗಿಯ ಹೆಸರಿಲ್ಲ, ಫೋಟೊ ಇಲ್ಲ.

ಶನಿವಾರದ ಒಂದು ಗಂಟೆ

ಕೊನೆಗೆ ಕೈ ಹಿಡಿದದ್ದು ಕೂತು ಮಾತಾಡುವುದು. ಶನಿವಾರ ಮಧ್ಯಾಹ್ನ ಎರಡೂವರೆಯಿಂದ ಮೂರೂವರೆ. ಡ್ಯೂಟಿ ಹೊತ್ತಿನಲ್ಲೇ, ಸಂಬಳದ ಸಮಯದಲ್ಲೇ. ಇದಕ್ಕಾಗಿ ವಾರಕ್ಕೆ ಎರಡು ಭೇಟಿ ಕಮ್ಮಿ ಮಾಡಬೇಕಾಯಿತು. ಆಡಳಿತದವರು ಗೊಣಗಿದರು. ಅಜ್ಜಿಯನ್ನು ಎರಡು ದಿನ ಒಳಗೆ ಇಟ್ಟುಕೊಂಡ ಖರ್ಚನ್ನೂ ಆ ದಿನ ಜೀಪು ತಪ್ಪಿಸಿದ ಭೇಟಿಗಳನ್ನೂ ನಾನು ಒಂದು ಹಾಳೆಯಲ್ಲಿ ಬರೆದು ಮುಂದಿಟ್ಟೆ. ಮೂರು ತಿಂಗಳು ನೋಡೋಣ ಅಂದರು. ಕೆಲಸ ಮುಗಿದ ಮೇಲೆ ಕೂತುಕೊಳ್ಳಿ ಅಂತ ಹೇಳಿದ್ದರೆ ಇದು ನಡೆಯುತ್ತಲೇ ಇರಲಿಲ್ಲ. ಈ ವಿಷಯದಲ್ಲಿ ನಾನು ಹಟ ಹಿಡಿದದ್ದು ಸರಿ ಅಂತಲೇ ಈಗಲೂ ಹೇಳುತ್ತೇನೆ. ಅರಿವು ಹಂಚಿಕೊಳ್ಳುವುದು ಕೆಲಸವೇ ಆಗಿದ್ದರೆ ಅದಕ್ಕೆ ಕೆಲಸದ ಹೊತ್ತು ಕೊಡಬೇಕು.

ಒಂದೇ ನಿಯಮ ಇಟ್ಟೆ. ಮೊದಲು ಡ್ರೈವರ್ ಮಾತಾಡಬೇಕು, ಕೊನೆಗೆ ಡಾಕ್ಟರು. ಡಾಕ್ಟರು ಮೊದಲು ಮಾತಾಡಿದರೆ ಉಳಿದವರು ತಲೆ ಅಲ್ಲಾಡಿಸುತ್ತಾರೆ, ಅಲ್ವಾ?

ಮೊದಲ ಶನಿವಾರ ಡ್ರೈವರ್ ಅಣ್ಣ ತುಂಬ ಹಿಂಜರಿದರು. ಚಹಾ ಲೋಟ ತಿರುಗಿಸುತ್ತಾ ಕೂತಿದ್ದರು. ಆಮೇಲೆ ಸೋಮವಾರಪೇಟೆ ದಾರಿಯ ಒಂದು ಮನೆಯ ವಿಷಯ ಹೇಳಿದರು. ಅಲ್ಲಿನ ಅಜ್ಜನ ಸೊಂಟದ ಬೆಡ್ ಸೋರ್, ಅಂದರೆ ಮಲಗಿ ಮಲಗಿ ಆದ ಹುಣ್ಣು, ಎಷ್ಟು ಡ್ರೆಸಿಂಗ್ ಮಾಡಿದರೂ ಮಾಗುತ್ತಿರಲಿಲ್ಲ. ಸಿಸ್ಟರ್ ಔಷಧ ಬದಲಾಯಿಸಿ ನೋಡಿದ್ದರು, ಡಾಕ್ಟರು ರಕ್ತ ಪರೀಕ್ಷೆ ಬರೆದಿದ್ದರು. ಡ್ರೈವರ್ ಹೇಳಿದ್ದು ಇಷ್ಟು: "ನೀವು ಒಳಗಿರುವಾಗ ಪಕ್ಕದ ಲೈನಿನವರು ನನ್ನ ಹತ್ತಿರ ಮಾತಾಡುತ್ತಾರೆ. ನೀವು ಹೋಗುವ ದಿನ ಮಾತ್ರ ಅಜ್ಜನ ಮಗ್ಗುಲು ಬದಲಿಸುವುದಂತೆ. ಮಗನಿಗೆ ಸೊಂಟ ನೋವು, ಒಬ್ಬನೇ ಎತ್ತಲು ಆಗುವುದಿಲ್ಲ. ಹೇಳಲು ನಾಚಿಕೆ ಅವನಿಗೆ."

ಕೋಣೆಯಲ್ಲಿ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ ಅಂತ ನಾವು ಪ್ರತಿ ಸಲ ಹೇಳುತ್ತಿದ್ದೆವು. ಆತ ಪ್ರತಿ ಸಲ ಹೂಂ ಅನ್ನುತ್ತಿದ್ದ. ಮುಂದಿನ ಭೇಟಿಯಲ್ಲಿ ಫಿಸಿಯೋ ಜೊತೆಗೆ ಹೋದರು. ಅಜ್ಜನ ಕೆಳಗೆ ದಪ್ಪ ಬೆಡ್‌ಶೀಟನ್ನು ಮಡಿಸಿ ಹಾಸಿ, ಅದರ ಅಂಚು ಹಿಡಿದು ಎಳೆದರೆ ಎತ್ತದೆಯೇ ಹೇಗೆ ತಿರುಗಿಸಬಹುದು ಅಂತ ಮಗನ ಕೈಯಲ್ಲೇ ಮಾಡಿಸಿದರು. ಹುಣ್ಣು ಮಾಗಲು ಸಮಯ ಹಿಡಿಯಿತು, ಆದರೆ ಮಾಗಿತು. ಔಷಧ ಬದಲಾಯಿಸಬೇಕಾದ ಅಗತ್ಯವೇ ಇರಲಿಲ್ಲ.

ಆ ದಿನದಿಂದ ಡ್ರೈವರ್ ಅಣ್ಣನ ಮಾತಿಗೆ ಎಲ್ಲರೂ ಕಾಯುವಂತಾಯಿತು.

ಕಣ್ಣೂರಿನ ಸಿಸ್ಟರ್‌ಗಳಿಗೆ ಇದು ಹೊಸದಾಗಿ ಕಾಣಲಿಲ್ಲ. ಗಡಿಯಾಚೆ ಕೇರಳದಲ್ಲಿ ನೋವು ಶಮನದ ಆರೈಕೆಗೆ 2008ರಲ್ಲೇ ಸರ್ಕಾರದ ನೀತಿ ಬಂದಿದೆ. ಊರಿನ ಸ್ವಯಂಸೇವಕರೂ ನರ್ಸುಗಳೂ ಒಟ್ಟಿಗೆ ಮನೆಗೆ ಹೋಗುವ ರೂಢಿ ಅದಕ್ಕಿಂತ ಹಳೆಯದು. ಅಲ್ಲಿ ಸ್ವಯಂಸೇವಕ ಹೇಳುವ ಮಾತನ್ನೂ ಬರೆದುಕೊಳ್ಳುತ್ತಾರೆ ಅಂತ ಅವರು ಹೇಳಿದರು. ನೆದರ್ಲೆಂಡ್ಸಿನಲ್ಲಿ 2006ರಲ್ಲಿ ಶುರುವಾದ ಬ್ಯೂರ್ಟ್‌ಜೋರ್ಗ್ ಅನ್ನುವ ಮನೆ ಆರೈಕೆ ಸಂಸ್ಥೆ ಒಂದು ತಂಡದಲ್ಲಿ ಹೆಚ್ಚೆಂದರೆ ಹನ್ನೆರಡು ನರ್ಸುಗಳನ್ನಷ್ಟೇ ಇಡುತ್ತದೆ. ತಂಡ ಚಿಕ್ಕದಿದ್ದರೆ ಯಾರಿಗೆ ಏನು ಗೊತ್ತು ಅನ್ನುವುದು ಎಲ್ಲರಿಗೂ ಗೊತ್ತಿರುತ್ತದೆ. ನಮ್ಮದು ಅದಕ್ಕಿಂತಲೂ ಚಿಕ್ಕದು. ಆದರೂ ಗೊತ್ತಿರಲಿಲ್ಲ. ಚಿಕ್ಕದಾಗಿದ್ದರೆ ಸಾಲದು, ಒಂದೇ ಬೆಂಚಿನ ಮೇಲೆ ಕೂರಬೇಕು.

ಜೋಡಿ ಭೇಟಿ

ಹೇಳಿದರೆ ತಿಳಿಯದ ವಿಷಯಗಳೂ ಇವೆ. ಅವನ್ನು ಜೊತೆಗಿದ್ದೇ ನೋಡಬೇಕು. ಹಾಗಾಗಿ ಯಾರಾದರೂ ರಜೆ ಹೋಗುವ ಮುಂಚೆ, ಅವರು ನೋಡುವ ಕಷ್ಟದ ಮನೆಗಳಿಗೆ ಬದಲಿ ಸಿಸ್ಟರನ್ನು ಒಂದು ಸಲ ಜೊತೆಗೆ ಕರೆದುಕೊಂಡು ಹೋಗಬೇಕು ಅಂತ ಮಾಡಿದೆವು. ಅದೇ ಅಜ್ಜಿಯ ಮನೆಗೆ ಹಿರಿಯ ಸಿಸ್ಟರ್, ಹೊಸ ಸಿಸ್ಟರ್ ಒಟ್ಟಿಗೆ ಹೋದ ದಿನ ನಾನೂ ಹೋಗಿದ್ದೆ.

ಹಿರಿಯ ಸಿಸ್ಟರ್ ಒಳಗೆ ಹೋದವರೇ ಅಜ್ಜಿಯ ಹತ್ತಿರ ಹೋಗಲಿಲ್ಲ. ಅಡುಗೆ ಮನೆಗೆ ಹೋದರು. ಒಲೆಯ ಮುಂದೆ ಕೈ ಕಾಯಿಸಿಕೊಂಡರು. ತಣ್ಣನೆ ಕೈ ತಾಗಿದರೆ ಅಜ್ಜಿಯ ಬಿದ್ದ ಕೈ ಬಿಗಿದುಕೊಳ್ಳುತ್ತದೆ, ಮತ್ತೆ ಸಡಿಲ ಆಗಲು ಹತ್ತು ನಿಮಿಷ ಬೇಕು. ಆಮೇಲೆ ಬಲಗಡೆಯಿಂದ ಬಂದು, ಅಜ್ಜಿಗೆ ಮುಖ ಕಾಣುವ ಹಾಗೆ ಬಾಗಿ, ಕೊಡವ ತಕ್ಕ್‌ನಲ್ಲಿ ಏನೋ ಹೇಳಿದರು. ಎಡಗೈಯನ್ನು ಹಿಡಿದು ಎಳೆಯಲೇ ಇಲ್ಲ. ಬಿದ್ದ ಕೈ ಹಿಡಿದು ಎಳೆದರೆ ಭುಜದ ಕೀಲು ಜಾರಬಹುದು. ಒಂದು ಅಂಗೈಯನ್ನು ಭುಜದ ಮೂಳೆಯ ಹಿಂದೆ, ಇನ್ನೊಂದನ್ನು ಸೊಂಟದ ಹಿಂದೆ ಇಟ್ಟರು. ಅಜ್ಜಿ ಉಸಿರು ಬಿಡುವುದನ್ನು ಕಾದರು. ಉಸಿರು ಹೊರಗೆ ಬರುವಾಗ ತಿರುಗಿಸಿದರು. ಅಜ್ಜಿ ಮುಖ ಕಿವುಚಲಿಲ್ಲ.

ಹೊಸ ಸಿಸ್ಟರ್ ನನ್ನ ಕಡೆ ತಿರುಗಿ ಮೆಲ್ಲಗೆ, "ನಾ ಇಷ್ಟು ದಿನ ಉಸಿರಿನ ಕಡೆ ಲಕ್ಷ್ಯಾನ ಕೊಟ್ಟಿಲ್ಲರಿ" ಅಂದರು. ಅವರಿಗೆ ಕೆಲಸ ಬರುತ್ತಿರಲಿಲ್ಲ ಅಂತಲ್ಲ. ಈ ಅಜ್ಜಿಯನ್ನು ಹೇಗೆ ಅನ್ನುವುದು ಗೊತ್ತಿರಲಿಲ್ಲ. ಹಿರಿಯ ಸಿಸ್ಟರ್‌ಗೂ ಉಸಿರು ಕಾಯುತ್ತೇನೆ ಅನ್ನುವುದು ಗೊತ್ತಿರಲಿಲ್ಲ. "ನಾನು ಹಾಗೆ ಮಾಡ್ತೀನಾ?" ಅಂತ ಕೇಳಿದರು. ಯಾರೋ ನೋಡಿ ಹೇಳಿದಾಗಲೇ ಅದು ಮಾತಾಯಿತು.

ಮನೆಯಲ್ಲಿ ಒಂದು ನೋಟ್‌ಬುಕ್ ಇಟ್ಟೆವು. ಸಾಮಾನ್ಯ ನೂರು ಪುಟದ್ದು. ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ, ಗೋಡೆಯ ಕ್ಯಾಲೆಂಡರಿನ ಮೊಳೆಗೇ ನೇತು ಹಾಕಿದೆವು. ಮೊದಲ ಪುಟದ ತಲೆಬರಹ: ಈ ಮನೆಗೆ ಹೊಸಬರು ಬಂದರೆ. ಅದರ ಕೆಳಗೆ ಔಷಧ ಎಲ್ಲಿದೆ, ನೋಡಿಕೊಳ್ಳುವವರು ಯಾರು, ಯಾವುದನ್ನು ಮುಟ್ಟಬಾರದು, ಮನೆಯವರಿಗೆ ನಾವು ಏನು ಹೇಳಿಕೊಟ್ಟಿದ್ದೇವೆ. ಕನ್ನಡದಲ್ಲೇ ಬರೆಯಬೇಕು, ಗುಟ್ಟಿನ ಅಕ್ಷರಗಳ ಹಾಗೆ ಚುಟುಕು ಮಾಡಬಾರದು. ಜೆಲ್ ಪೆನ್ನು ಬೇಡ. ಮಳೆಗಾಲದಲ್ಲಿ ಕಾಗದ ತೇವ ಹಿಡಿದು ಶಾಯಿ ಹರಡುತ್ತದೆ. ಇದನ್ನು ಕಲಿಯಲು ಎರಡು ನೋಟ್‌ಬುಕ್ ಹಾಳಾದವು. ಕಣ್ಣೂರಿನ ಸಿಸ್ಟರ್‌ಗಳಿಗೆ ಕನ್ನಡ ಬರೆಯುವುದು ನಿಧಾನ. ಅವರು ಹೇಳುತ್ತಿದ್ದರು, ಜೊತೆಗಿದ್ದ ಆಯಾ ಬರೆಯುತ್ತಿದ್ದರು.

ಕೆಂಪು ಬ್ಯಾಗು

ಜುಲೈ ಕೊನೆಯ ಶನಿವಾರ ಹಿರಿಯ ಸಿಸ್ಟರ್ ಒಂದು ವಿಷಯ ಎತ್ತಿದರು. ಕೊಡವರ ಪಂಚಾಂಗದ ಕಕ್ಕಡ ತಿಂಗಳು ನಡೆಯುತ್ತಿದೆ, ಆಗಸ್ಟ್ 3 ಬರುತ್ತದೆ. ಅಂದು ಕೊಡಗಿನ ಮನೆಗಳಲ್ಲಿ ಮದ್ದು ಸೊಪ್ಪಿನ ಪಾಯಸ ಮಾಡುತ್ತಾರೆ. ಸೊಪ್ಪು ಕುದಿಸಿದರೆ ನೀರು ಗಾಢ ನೇರಳೆ ಆಗುತ್ತದೆ. ಆ ದಿನ ಅದರಲ್ಲಿ ಹದಿನೆಂಟು ಬಗೆಯ ಔಷಧ ಸೇರಿರುತ್ತದೆ ಅನ್ನುವುದು ಇಲ್ಲಿನ ನಂಬಿಕೆ. ತಿಂದವರ ಮೂತ್ರ ಕೆಂಪಾಗುತ್ತದೆ. ಇಲ್ಲಿ ಹುಟ್ಟಿದವರಿಗೆ ಇದು ಹೇಳುವ ಮಾತೇ ಅಲ್ಲ. ಬಾಗಲಕೋಟೆಯವರಿಗೆ ಹೇಗೆ ಗೊತ್ತಾಗಬೇಕು?

ಆಗಸ್ಟ್ 4ರಂದು ಹೊಸ ಸಿಸ್ಟರ್ ಮೂರ್ನಾಡು ಕಡೆಯ ಒಂದು ಮನೆಗೆ ಹೋದರು. ಕ್ಯಾಥೆಟರ್ ಹಾಕಿದ್ದ ಅಜ್ಜನ ಯೂರಿನ್ ಬ್ಯಾಗು ಕೆಂಪಗಿತ್ತು. ಅವರು ಗಾಬರಿ ಆಗಲಿಲ್ಲ. "ನಿನ್ನೆ ಪಾಯಸ ತಿಂದ್ರಾ ಅಜ್ಜ?" ಅಂತ ಕೇಳಿದರು. ಅಜ್ಜ ಎರಡು ಬೆರಳು ಎತ್ತಿ ತೋರಿಸಿದರು. ಎರಡು ಲೋಟ. ಸಿಸ್ಟರ್ ಜ್ವರ ನೋಡಿದರು, ಹೊಟ್ಟೆ ಮುಟ್ಟಿ ನೋಡಿದರು, ಬ್ಯಾಗಿನಲ್ಲಿ ರಕ್ತದ ಗರಣೆ ಇದೆಯಾ ಅಂತ ಬೆಳಕಿಗೆ ಹಿಡಿದರು. ನೋಟ್‌ಬುಕ್ಕಿನಲ್ಲಿ ಬರೆದು ಬಂದರು. ಮರುದಿನ ಫೋನು ಮಾಡಿದಾಗ ಬಣ್ಣ ಹೋಗಿತ್ತು.

ಮುಂದಿನ ಶನಿವಾರ ಇದನ್ನು ಕೇಳಿ ಡಾಕ್ಟರು ಒಂದು ಎಚ್ಚರಿಕೆ ಸೇರಿಸಿದರು. ಪಾಯಸದ ಹೆಸರಿನಲ್ಲಿ ನಿಜವಾದ ರಕ್ತ ತಪ್ಪಿಹೋಗಬಾರದು. ಗರಣೆ, ನೋವು, ಜ್ವರ ಇದ್ದರೆ, ಅಥವಾ ಒಂದು ದಿನ ಕಳೆದರೂ ಕೆಂಪು ಹೋಗದಿದ್ದರೆ ತಕ್ಷಣ ಫೋನು ಮಾಡಬೇಕು. ಊರಿನ ಅರಿವು ಮೊದಲು ಬಂತು, ಅದರ ಪಕ್ಕಕ್ಕೆ ವೈದ್ಯರ ಅರಿವು ಬಂದು ಕೂತಿತು. ಒಂದೇ ಪುಟದಲ್ಲಿ ಎರಡನ್ನೂ ಬರೆದುಕೊಂಡೆವು. ಆ ಶನಿವಾರ ನನಗೆ ತುಂಬ ಸಂತೋಷ ಆಗಿತ್ತು.

ತಪ್ಪಿದ ಕಡೆ

ಎಲ್ಲವೂ ಹೀಗೇ ನಡೆಯಿತು ಅಂತ ಬರೆದರೆ ಸುಳ್ಳಾಗುತ್ತದೆ. ಡಿಸೆಂಬರಿನಲ್ಲಿ ಕಾಫಿ ಕೊಯ್ಲು ಶುರುವಾದಾಗ ಮನೆಗಳಲ್ಲಿ ನೋಡಿಕೊಳ್ಳುವವರೆಲ್ಲ ತೋಟಕ್ಕೆ ಹೋದರು. ನಮಗೆ ಫೋನು ಜಾಸ್ತಿಯಾಯಿತು. ಮೂರು ಶನಿವಾರ ಕೂರಲಿಲ್ಲ. ಅದೇ ಹೊತ್ತಿಗೆ ಟ್ಯೂಬಿನಲ್ಲಿ ಊಟ ಕೊಡುವ ಒಂದು ಮನೆಯಲ್ಲಿ ಒಬ್ಬ ಸಿಸ್ಟರ್ ಎರಡು ಗಂಟೆಗೊಮ್ಮೆ 200 ಎಂಎಲ್ ಅಂತ ಹೇಳಿದ್ದರು, ಇನ್ನೊಬ್ಬರು ಮೂರು ಗಂಟೆಗೊಮ್ಮೆ 300 ಅಂತ. ಮನೆಯವರು ಗೊಂದಲವಾಗಿ ಎರಡು ಗಂಟೆಗೊಮ್ಮೆ 300 ಕೊಟ್ಟರು. ಅಜ್ಜ ವಾಂತಿ ಮಾಡಿಕೊಂಡರು. ಪುಣ್ಯಕ್ಕೆ ತಲೆ ಎತ್ತರಿಸಿ ಕೂರಿಸಿದ್ದರು, ಶ್ವಾಸಕೋಶಕ್ಕೆ ಹೋಗಲಿಲ್ಲ. ನೋಟ್‌ಬುಕ್ ಮೊಳೆಯಲ್ಲೇ ಇತ್ತು. ಇಬ್ಬರೂ ತೆರೆದಿರಲಿಲ್ಲ. ಶನಿವಾರ ಕೂರದಿದ್ದರೆ ನೋಟ್‌ಬುಕ್ಕೂ ತೆರೆಯುವುದಿಲ್ಲ ಅಂತ ಆಗ ಗೊತ್ತಾಯಿತು. ಎರಡಕ್ಕೂ ನಂಟಿದೆ. ತಾನು ಬರೆದದ್ದನ್ನು ಯಾರೋ ಓದಿ ಶನಿವಾರ ಕೇಳುತ್ತಾರೆ ಅಂದರೆ ಮಾತ್ರ ಜನ ಬರೆಯುತ್ತಾರೆ.

ಇನ್ನೊಂದು ಸೋಲು ನನ್ನದು. ಆಯಾಗಳಲ್ಲಿ ಒಬ್ಬರು ಆರು ವಾರ ಬೆಂಚಿನ ತುದಿಯಲ್ಲಿ ಕೂತು ಒಂದು ಮಾತೂ ಆಡಲಿಲ್ಲ. ಜೀಪಿನಲ್ಲಿ ಮಾತ್ರ ಎಲ್ಲ ಹೇಳುತ್ತಿದ್ದರಂತೆ. ನಾನು ಪದೇ ಪದೇ "ಹೇಳಿ, ಹೇಳಿ" ಅಂತ ಕೇಳುತ್ತಿದ್ದೆ. ಕೇಳಿದಷ್ಟೂ ಅವರು ಕುಗ್ಗುತ್ತಿದ್ದರು. ಕಣ್ಣೂರಿನ ಸಿಸ್ಟರ್ ಒಬ್ಬರಿಗೆ ದಾರಿ ಹೊಳೆಯಿತು. ಹೇಳುವುದು ಬೇಡ, ಮಾಡಿ ತೋರಿಸಿ ಅಂದರು. ಆಯಾ ಪರೀಕ್ಷೆಯ ಮಂಚದ ಮೇಲೆ ಫಿಸಿಯೋವನ್ನು ಮಲಗಿಸಿದರು. ಗೊಬ್ಬರದ ಖಾಲಿ ಚೀಲವಲ್ಲ, ಹೊಸ ಪ್ಲಾಸ್ಟಿಕ್ ಹಾಳೆಯೇ ಬೇಕು ಅಂತ ತರಿಸಿಕೊಂಡರು. ಟವೆಲನ್ನು ಸುರುಳಿ ಸುತ್ತಿ ಕುತ್ತಿಗೆಯ ಕೆಳಗೆ ಕುದುರೆ ಲಾಳದ ಆಕಾರದಲ್ಲಿಟ್ಟು, ಹಾಳೆಯ ತುದಿಯನ್ನು ಬಕೆಟ್ಟಿಗೆ ಇಳಿಬಿಟ್ಟು, ಹಾಸಿಗೆಗೆ ಒಂದು ಹನಿ ಬೀಳದ ಹಾಗೆ ತಲೆ ತೊಳೆದರು. ತೊಳೆಯುತ್ತಾ ತೊಳೆಯುತ್ತಾ ಮಾತು ಶುರುವಾಯಿತು. ಯಾವ ಮನೆಯಲ್ಲಿ ತಲೆಯ ಹಿಂಭಾಗ ಕೆಂಪಾಗಿದೆ, ಯಾವ ಅಜ್ಜಿಗೆ ಕಿವಿಯ ಹಿಂದೆ ಹುಣ್ಣು ಶುರುವಾಗಿದೆ, ಎಲ್ಲ ಬಂತು. ತಲೆ ತೊಳೆಯುವವರ ಕೈಗೆ ಮಾತ್ರ ಸಿಗುವ ಸುದ್ದಿ ಅದು.

ನೋಡಿಕೊಳ್ಳುವ ಅಕ್ಕ ತಂಗಿಯರನ್ನು ನಾವು ಶನಿವಾರಕ್ಕೆ ಕರೆದದ್ದು ಒಂದೇ ಸಲ. ಒಂದು ದಿನದ ಕೂಲಿ ಬಿಟ್ಟು ಬರಬೇಕು, ಬಸ್ಸಿಗೆ ದುಡ್ಡು ಬೇಕು. ಅದಕ್ಕೆ ಆಸ್ಪತ್ರೆಯಲ್ಲಿ ಯಾವ ಲೆಕ್ಕದಲ್ಲೂ ಹಣವಿಲ್ಲ. ಇದು ಇವತ್ತಿಗೂ ಬಗೆಹರಿದಿಲ್ಲ. ಆಗಬೇಕು. ದಿನಕ್ಕೆ ಇಪ್ಪತ್ತನಾಲ್ಕು ಗಂಟೆ ಹಾಸಿಗೆಯ ಪಕ್ಕ ಇರುವವರು ಅವರು, ವಾರಕ್ಕೆ ಎರಡು ಗಂಟೆ ಇರುವವರು ನಾವು.

ಮೊಳೆಯಿಂದ ಇಳಿದ ನೋಟ್‌ಬುಕ್

ಮಾರ್ಚಿನಲ್ಲಿ, ಕಾಫಿ ಹೂ ಅರಳಿಸುವ ಹೂ ಮಳೆ ಬಿದ್ದ ವಾರ, ಅಜ್ಜಿ ಮನೆಯಲ್ಲೇ ತೀರಿಕೊಂಡರು. ನಿದ್ದೆಯಲ್ಲಿ. ನಾಲ್ಕು ದಿನ ಬಿಟ್ಟು ನಾನೂ ಹಿರಿಯ ಸಿಸ್ಟರೂ ಮಂಚ, ಗಾಳಿ ಹಾಸಿಗೆ ತರಲು ಹೋದೆವು. ಮಗ ನೋಟ್‌ಬುಕ್ ಕೈಯಲ್ಲಿ ಹಿಡಿದುಕೊಂಡು ಕೂತಿದ್ದರು. "ಇದು ನನಗೆ ಇರಲಿ ಸಿಸ್ಟರ್. ಅವ್ವ ದಿನಾ ಹೇಗಿದ್ದರು ಅಂತ ಇದರಲ್ಲಿದೆ. ನಾನು ಇಲ್ಲಿರಲಿಲ್ಲ" ಅಂದರು. ನಿಯಮದ ಪ್ರಕಾರ ಅದು ಆಸ್ಪತ್ರೆಯ ದಾಖಲೆ. ಡಾಕ್ಟರಿಗೆ ಫೋನು ಮಾಡಿ ಕೇಳಿದೆ. ಬೇಕಾದ್ದನ್ನು ನಕಲು ಮಾಡಿಕೊಂಡು ಕೊಟ್ಟುಬಿಡಿ ಅಂದರು.

ಜಗಲಿಯಲ್ಲಿ ಕೂತು ನಮ್ಮ ರಿಜಿಸ್ಟರಿಗೆ ಇಳಿಸಿಕೊಂಡೆವು. ಒಂದು, ಹಿರಿಯ ಸಿಸ್ಟರ್ ಅಕ್ಷರ: ಮುಟ್ಟುವ ಮುಂಚೆ ಒಲೆಯಲ್ಲಿ ಕೈ ಕಾಯಿಸಿಕೊಳ್ಳಿ, ಉಸಿರು ಬಿಡುವಾಗ ತಿರುಗಿಸಿ. ಇನ್ನೊಂದು, ತಂಗಿ ಹೇಳಿದ್ದನ್ನು ಆಯಾ ಬರೆದದ್ದು: ಮಡಿಕೇರಿ ರೇಡಿಯೊದಲ್ಲಿ ಕೊಡವ ಹಾಡು ಬರುವಾಗ ಡ್ರೆಸಿಂಗ್ ಮಾಡಿದರೆ ಅಜ್ಜಿ ಕೈ ತಳ್ಳುವುದಿಲ್ಲ. ಆಮೇಲೆ ಒಂದು ಪುಟದ ತುಂಬ ದಪ್ಪ ಅಕ್ಷರದ ಸಾಲುಗಳಿದ್ದವು, ಆಗಸ್ಟಿನಿಂದ ಮಾರ್ಚಿನವರೆಗೆ. ಡ್ರೈವರ್ ಅಣ್ಣನ ಬರಹ. ಕೊನೆಯದು ಹೀಗಿತ್ತು: "ಗುರುವಾರ ವೈಲು ತಂದಿಟ್ಟಿದ್ದೇನೆ. ಕೆಂಪು ದಾರ ಕಟ್ಟಿದೆ. ಮುಂದಿನದು 19ಕ್ಕೆ."